ಬೀಳುವ ಮೊದಲೇ ನಕ್ಕವಳು

ನಮ್ಮ ಸಿನಿಮಾದಲ್ಲಿ ಗುರುಬಾಯಿ ಎಲ್ಲಿಯೂ ಕಾಣುವುದಿಲ್ಲ. ಮೊದಲಿಂದ ಕೊನೆಯ ತನಕ ಕೇಳಿಸುತ್ತಾಳೆ.

ತೊಂಬತ್ತರ ದಶಕದಲ್ಲಿ, ಮದುವೆ ವಿಡಿಯೊ ತೆಗೆಯುವ ಕ್ಯಾಮೆರಾ ಹಿಡಿದು ಆಳಂದದ ಕಡೆಯ ನಿಂಬರ್ಗಾದಲ್ಲಿ ನಾವೊಂದು ಹಾಸ್ಯ ಸಿನಿಮಾ ಮಾಡಿದೆವು. ನಾನು ನಿರ್ದೇಶಕ. ಗುರುಬಾಯಿ ನಮಗೆ ರೊಟ್ಟಿ ಬಡಿಯಲು ಬಂದವಳು. ಹಿಟ್ಟಿನ ಕೈಯಲ್ಲೇ ಕ್ಯಾಮೆರಾದ ಹಿಂದೆ ನಿಲ್ಲುತ್ತಿದ್ದಳು. ಹಸಿರು ಸೀರೆ ಉಟ್ಟಿದ್ದಳು ಎಂದು ಬರೆಯಹೊರಟಿದ್ದೆ, ಸುಳ್ಳಿರಬಹುದು. ಕ್ಯಾಮೆರಾದ ಹಿಂದಿದ್ದವರ ಬಣ್ಣ ಟೇಪಿನಲ್ಲಿ ಉಳಿಯುವುದಿಲ್ಲ.

ತಾಲೀಮು ನೋಡಿದ್ದರಿಂದ ಮುಂದೇನೆಂದು ಅವಳಿಗೆ ಗೊತ್ತು. ಕನ್ಯಾ ನೋಡಲು ಹೊರಟ ವರ ಸೈಕಲ್ ಸಮೇತ ತಿಪ್ಪೆಗೆ ಬೀಳಬೇಕು. ಅವನು ಬೀಳುವ ಮೊದಲೇ ಇವಳ ನಗು. ತಗಡಿನ ಮೇಲೆ ತೊಗರಿ ಸುರಿದಂಥ ನಗು.

“ಸುಮ್ಮನಿರ್ರಿ ಅಕ್ಕ, ಟೇಪ್ ಹಾಳಾಗಾಕತ್ತದ,” ಎಂದು ಬೈದೆ.

“ನಗೂ ಸಿನಿಮಾ ಅಂದಿ. ಮಾರಿ ಗಂಟ ಹಾಕ್ಕೊಂಡು ನಿಂದ್ರಬೇಕಂದ್ರ ಅಳೂ ಸಿನಿಮಾ ತಗಿ, ತಮ್ಮಾ.”

ಅವಳ ಮೈದುನನೂ ಒಮ್ಮೆ ಎಲ್ಲರೆದುರು, “ಹೆಣ್ಣಮಗಳು ಊರಿಗೆಲ್ಲ ಕೇಳೂಹಂಗ ನಗಬಾರದು,” ಎಂದ.

“ಊರು ಕಿವಿ ಮುಚ್ಕೋಲಿ,” ಎಂದಳು. ಅಂದು ಅವನಿಗೆ ರೊಟ್ಟಿ ಸಿಕ್ಕಿತೋ ಇಲ್ಲವೋ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಬೇರೆ ಟೇಪ್ ಇರಲಿಲ್ಲ, ನಗು ಉಳಿಯಿತು. ಯಾವ ಟಾಕೀಸೂ ನಮ್ಮನ್ನು ಒಳಗೆ ಬಿಡಲಿಲ್ಲ. ಕ್ಯಾಸೆಟ್ ಮಾತ್ರ ಆಳಂದ, ಅಫಜಲಪುರ, ಜೇವರ್ಗಿ ತಿರುಗಿತು. ಜನ ನನ್ನ ಡೈಲಾಗ್ ಮರೆತು ಅವಳ ನಗು ಕಲಿತರು. ಈಗಲೂ ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಜಾರಿದರೆ ಇನ್ಯಾರೋ ಹಾಗೆ ನಗುತ್ತಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು.

ಹೋದ ವರ್ಷ ಕಲಬುರಗಿಯ ತಂತ್ರಜ್ಞನೊಬ್ಬ ಟೇಪನ್ನು ಕಂಪ್ಯೂಟರಿಗೆ ಹಾಕಿ, “ಈ ಗದ್ದಲ ತಗದುಬಿಡ್ತೇನ್ರಿ ಸರ್,” ಎಂದ. ಕೂಡಲೇ ಒಪ್ಪಿದೆ. ಹೇಳಿಬರಲು ನಿಂಬರ್ಗಾಕ್ಕೆ ಹೋದೆ. ಹಲ್ಲುದುರಿದ ಗುರುಬಾಯಿ ಹೊರಸಿನ ಮೇಲೆ ಕೂತು ಕೇಳಿಸಿಕೊಂಡಳು.

“ಮಾರಿ ತೋರ್ಸಲಿಲ್ಲ. ಹೆಸರು ಹಾಕಲಿಲ್ಲ. ಈಗ ನಗೂನೂ ತಗೀತಿ ಏನು?”

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

“ತಗಿ. ನಿನ್ನ ವರ ಒಬ್ಬನ ಬೀಳ್ತಾನ. ನೋಡ್ಕೋತ ಕೂಡು.”

ಅದೇ ಕೊನೆಯ ಭೇಟಿ. ಅವಳು ತೀರಿಕೊಂಡ ಮೇಲೆ ತಂತ್ರಜ್ಞ ನಗು ತೆಗೆದ ಪ್ರತಿ ಹಾಕಿ ತೋರಿಸಿದ. ವರ ಬಿದ್ದ. ಸೈಕಲ್ ಚಕ್ರ ತಿರುಗಿತು. ಪಾಪ, ಪೆಟ್ಟಾಯಿತೇನೋ ಅನ್ನಿಸಿತು. ತಂತ್ರಜ್ಞನೂ ನಗಲಿಲ್ಲ. “ಮೊದಲಿದ್ದಂಗ ಮಾಡ್ರಿ,” ಎಂದೆ. “ಹೆಸರು ಹಾಕೂದದ. ಗುರುಬಾಯಿ. ನನ್ನ ಹೆಸರಿಗಿಂತ ಮೊದಲು.”

ಮೊನ್ನೆ ಜೇವರ್ಗಿಯಲ್ಲಿ ಪರದೆ ಕಟ್ಟಿ ತೋರಿಸಿದರು. ವರ ಇನ್ನೂ ಸೈಕಲ್ ಹತ್ತಿರಲಿಲ್ಲ, ಆ ನಗು ಸಿಡಿಯಿತು. ಮುಂದೆ ಕೂತಿದ್ದ ಪರಸ್ಥಳದವರೊಬ್ಬರು ತಿರುಗಿ ನನ್ನತ್ತ ಸಿಡುಕಿದರು: “ಯಾರ್ರಿ ಅದು? ಸುಮ್ಮನಿರಾಕ ಹೇಳ್ರಿ.”

“ಹೇಳಿ ನೋಡೀನ್ರಿ,” ಎಂದೆ. “ಆಕಿ ಸುಮ್ಮನಿರಂಗಿಲ್ಲ.”