ಹರಕೆಯ ಕಾಲಾಣೆಗೆ ಹುಣಸೆ ನೀರು

ಕುನ್ನತ್ತೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಕುಳಿತ ಸುಂದರಮ್ಮ ಮಣ್ಣಿನ ಬಟ್ಟಲಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದಾರೆ. ಜೊತೆಗೆ ಚಿಟಿಕೆ ಕಲ್ಲುಪ್ಪು. ಎದುರಿನ ಮೆಟ್ಟಿಲ ಮೇಲೆ ನೆರೆಬೀದಿಯ ಲಕ್ಷ್ಮಿಯಮ್ಮಾಳ್ ಚಡಪಡಿಸುತ್ತಿದ್ದಾರೆ. ಎಂಟರ ಬಸ್ಸಿಗೆ ಅವರು ತಿರುಪತಿಗೆ ಹೊರಡಬೇಕು. ಅಂಗೈಯಲ್ಲಿ ಹಸಿರು ಕಿಲುಬು ಹಿಡಿದ ತಾಮ್ರದ ಕಾಲಾಣೆ.

ಅವರ ಮಗ ದಂಡಪಾಣಿ ಕೂಸಾಗಿದ್ದಾಗ ಜ್ವರದಲ್ಲಿ ಎಚ್ಚರ ತಪ್ಪಿದ. ಆಗ ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪು ಇದು. ಈಗ ಅವನಿಗೆ ಮದುವೆ ಗೊತ್ತಾಗಿದೆ. ಅಷ್ಟರೊಳಗೆ ಹರಕೆ ತೀರಬೇಕು. ನಯಾಪೈಸೆ ಬಂದು ವರ್ಷವಾದರೇನು, ಕಟ್ಟಿದ ಕಾಸೇ ಹುಂಡಿಗೆ ಬೀಳಬೇಕು, ಬದಲಿ ನಡೆಯದು. ಕಿಲುಬು ಕಾಸನ್ನು ದೇವರ ಮುಂದೆ ಚಾಚುವುದಕ್ಕೂ ಮನಸ್ಸು ಬಾರದು.

ಸುಂದರಮ್ಮನ ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಗಂಡ ಬಸವರಾಜ ತೀರಿಕೊಂಡ ಮೇಲೆ ನಾಲ್ಕು ಮನೆಗಳ ಹಿತ್ತಾಳೆ ಪಾತ್ರೆ ಬೆಳಗಿ ಮಗಳು ಮಲ್ಲಿಗಾಳನ್ನು ಸಾಕಿ, ಸೋಮನೂರಿಗೆ ಮದುವೆ ಮಾಡಿ ಕೊಟ್ಟರು. ಈಗಲೂ ದಿನಕ್ಕೆ ಅರವತ್ತು ಪಾತ್ರೆ. ಮುಡಿಪಿನ ಕಾಸು ವರ್ಷಕ್ಕೆ ಮೂವತ್ತು ಬಂದರೆ ಹೆಚ್ಚು. ಅದಕ್ಕೆ ಕೂಲಿ ಇಲ್ಲ, ಒಂದು ಹಿಡಿ ಹುಣಸೆಹಣ್ಣು ತಂದರೆ ಸಾಕು.

ಈ ಕೆಲಸ ಹಿಡಿದ ಮೊದಲ ವರ್ಷವೇ ಕೈ ತಪ್ಪಿತ್ತು. ಕಮಲಾತಾಳ್ ಎಂಬಾಕೆ ತಂದ ಕಾಸನ್ನು ಸುಂದರಮ್ಮ ಪಾತ್ರೆಯಂತೆಯೇ ಇಟ್ಟಿಗೆ ಪುಡಿ ಹಾಕಿ ತಿಕ್ಕಿಬಿಟ್ಟರು. ಕಾಸು ಫಳಫಳ, ಅದರ ಮೇಲಿನ ಇಂಗ್ಲೆಂಡ್ ರಾಜನ ಮುಖ ಮಾತ್ರ ಮಾಯ.

“ಅವ್ಳು ಬೈಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ಇದ್ರಲ್ಲಿ ಮೊಗ ಯಾವ್ ಕಡೆ ಅಕ್ಕಾ ಅಂದ್ಳು. ಬೈದಿದ್ರೆ ತೇವಲೆ, ವಾಸಿ ಇತ್ತು,” ಎಂದು ನನಗೆ ಹೇಳುವಾಗ ಸುಂದರಮ್ಮನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಅವತ್ತೇ ಅವರೂ ಒಂದು ಮುಡಿಪು ಕಟ್ಟಿದರು: ಇನ್ನು ಯಾರ ಕಾಸಿಗೂ ತನ್ನ ಕೈಯಿಂದ ಊನ ಆಗಬಾರದು. ರಾಜರು ದೇಶ ಬಿಟ್ಟು ಹತ್ತು ವರ್ಷ ಕಳೆದರೂ ಅವರ ಮೂಗಿನ ಚಿಂತೆ ಕುನ್ನತ್ತೂರಿನ ಈ ಹೆಂಗಸಿಗೆ ತಪ್ಪಿಲ್ಲ.

ಕಾಲಾಣೆ ಹುಣಸೆ ನೀರಿಗೆ ಇಳಿಯುತ್ತದೆ. ಗಡಿಯಾರವಿಲ್ಲ, ಒಂದು ವೀಳ್ಯ ಅಗಿದು ಮುಗಿಸುವಷ್ಟು ಹೊತ್ತು ನೆನೆಯಬೇಕು. ತೆಗೆದು ಹೆಬ್ಬೆರಳಲ್ಲಿ ಸವರಿ, ಅಕ್ಕಿ ತೊಳೆದ ನೀರಲ್ಲಿ ಅದ್ದಿ ನೋಡಿದರೆ ಅರ್ಧ ಕಿಲುಬು ಹಾಗೇ ಇದೆ. ಎರಡನೇ ವೀಳ್ಯ. ಬಿಸಿಲು ಗೋಡೆಗೆ ಬಂದಿದೆ. ಚಿಟಿಕೆ ಇಟ್ಟಿಗೆ ಪುಡಿ ಹಾಕಬಾರದೇ ಎಂದು ಲಕ್ಷ್ಮಿಯಮ್ಮಾಳ್ ಅಂಗಲಾಚುತ್ತಾರೆ.

“ಬಸ್ಸು ನಾಳೆನೂ ಬತ್ತದೆ. ಮೊಗ ಹೋದ್ರೆ ಬತ್ತದಾ?” ಸುಂದರಮ್ಮ ಮೂರನೇ ವೀಳ್ಯ ಮಡಚುತ್ತಾರೆ.

ಈ ಸಲ ಕಿವಿ ಕಾಣುತ್ತದೆ, ಗಡ್ಡ ಕಾಣುತ್ತದೆ, ಕೊನೆಗೆ ಮೂಗು. ಅಕ್ಷರದ ಸಂದಿಯಲ್ಲಿ ಉಳಿದ ಅರಿಶಿನದ ಹಳದಿಯತ್ತ ಲಕ್ಷ್ಮಿಯಮ್ಮಾಳ್ ಬೆರಳು ತೋರಿಸಿದರೆ, “ಅದು ನೀನು ಕಟ್ಟಿದ ಮಂಜಳು. ಇರ್ಲಿ, ಸಾಮಿಗೆ ಗುರುತು ಸಿಕ್ತದೆ,” ಎಂಬ ಉತ್ತರ. ಆ ತಾಯಿ ಕಾಸನ್ನು ಕಣ್ಣಿಗೊತ್ತಿಕೊಂಡು, ಸೆರಗಿಗೆ ಗಂಟು ಹಾಕಿ ಬಸ್ಸಿನತ್ತ ಓಡುತ್ತಾರೆ.

ಆಮೇಲೆ ಸುಂದರಮ್ಮ ಅಕ್ಕಿ ಮಡಕೆಯಿಂದ ತಮ್ಮ ಮುಡಿಪನ್ನು ತೆಗೆದು ನನಗೆ ತೋರಿಸುತ್ತಾರೆ. ಕಾಸು ಕಪ್ಪಗಿದೆ. ಊರಿನವರದ್ದೆಲ್ಲ ತೊಳೆದು ನಿಮ್ಮದನ್ನೇ ಬಿಟ್ಟಿರಲ್ಲ ಎಂದರೆ ನಗುತ್ತಾರೆ.

“ಕೈ ಇನ್ನೂ ಓಡ್ತದಲ್ಲ? ಅದು ನಿಂತ ಮೇಲೆ ಮಲ್ಲಿಗಾ ತೊಳ್ದು ಸಾಮಿಗೆ ಹಾಕ್ಲಿ. ಅವಸರ ಪಡ್ದೆ ತೊಳೀಲಿ, ಅಷ್ಟೇ ನನ್ನಾಸೆ.” ಗಂಟು ಕಟ್ಟುತ್ತಾ ಮೆಲ್ಲಗೆ ಸೇರಿಸುತ್ತಾರೆ: “ಇಪ್ಪತ್ತೆರಡು ವರ್ಷ ಆಯ್ತು. ಅದಾದ್ಮೇಲೆ ಒಬ್ಬ ರಾಜನ ಮೂಗೂ ಸವೆದಿಲ್ಲ.”