ಹನ್ನೊಂದು ತಿಂಗಳು

ನನ್ನ ಹೊಲಿಗೆ ಅಂಗಡಿಯಲ್ಲಿ ಹದಿಮೂರು ವರ್ಷ ಕಾಜ ಹಾಕಿದವಳ ಕಥೆ ಇದು. ಗುಂಡಿ ತೂರುವ ಕಂಡಿಯ ಸುತ್ತ ದಾರ ಬಿಗಿದು ಅಂಚು ಕಟ್ಟುವುದಕ್ಕೆ ನಾವು ಕಾಜ ಎನ್ನುತ್ತೇವೆ. ಮೆಷಿನ್ನಿನಲ್ಲೂ ಹಾಕಬಹುದು. ಆದರೆ ಇವಳು ಕೈಯಲ್ಲಿ ಹಾಕಿದ ಕಾಜ ಕೋಟು ಹರಿದರೂ ಬಿಚ್ಚುತ್ತಿರಲಿಲ್ಲ. ಬೀದಿಯವರೆಲ್ಲ ಅವಳನ್ನು ಕಾಜದಕ್ಕ ಎಂದೇ ಕರೆಯುತ್ತಿದ್ದರು. ನನಗಿಂತ ಆರೇಳು ವರ್ಷ ಚಿಕ್ಕವಳಾದರೂ ನಾನೂ ಅಕ್ಕ ಎನ್ನುತ್ತಿದ್ದೆ. ಅವಳಿಗೆ ನಾನು ಮಾಸ್ಟ್ರು.

ಅವಳು ಕೆಲಸ ಕೇಳಿಕೊಂಡು ಬಂದಾಗ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಆತ ವೆಲ್ಡಿಂಗ್ ಕೆಲಸದವನು, ಕಟ್ಟುತ್ತಿದ್ದ ಕಟ್ಟಡದ ಮೂರನೇ ಅಂತಸ್ತಿನಿಂದ ಬಿದ್ದಿದ್ದ. ಮನೆಯೆಂದರೆ ಒಂದೇ ಕೋಣೆ. ಅದರಲ್ಲಿ ಮಲಗಿದಲ್ಲೇ ಎಲ್ಲ ಆಗಬೇಕಾದ ಗಂಡ, ಕೂತಲ್ಲಿ ಕೂರದ ಮಗಳು. ಮೊದಮೊದಲು ಮಗುವನ್ನು ಅಂಗಡಿಗೇ ಕರೆತರುತ್ತಿದ್ದಳು. ಮೂರನೇ ದಿನ ಅದು ಕಾದ ಇಸ್ತ್ರಿಪೆಟ್ಟಿಗೆಯ ಮೇಲೆ ಕೈಯಿಟ್ಟು ಅಂಗೈ ಸುಟ್ಟುಕೊಂಡಿತು. ಮಗುವನ್ನು ಇನ್ನು ಇಲ್ಲಿಗೆ ತರಬೇಡಿ ಎಂದವನು ನಾನೇ.

ಮುಂದಿನ ವಾರ ಅವಳು ಒಬ್ಬಳೇ ಬಂದಳು. ಮಗುವನ್ನು ಶಾಲೆಗೆ ಸೇರಿಸಿದೆ ಎಂದಳು. ನಾನು ಹೆಚ್ಚು ಕೇಳಲಿಲ್ಲ. ಐದು ತುಂಬದೆ ಆ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ, ಮಗುವಿಗೆ ಆಗ ನಾಲ್ಕು ವರ್ಷ ಒಂದು ತಿಂಗಳು ಎನ್ನುವುದು ನನಗೆ ಗೊತ್ತಾದದ್ದು ಬಹಳ ಕಾಲದ ಮೇಲೆ. ಮುಖ್ಯೋಪಾಧ್ಯಾಯಿನಿ ಐದು ತುಂಬಿದೆಯಾ ಎಂದು ಕೇಳಿದ್ದರು, ಇವಳು ತುಂಬಿದೆ ಎಂದಿದ್ದಳು, ಅಷ್ಟೆ. ತಾರೀಖು ಗೊತ್ತಿಲ್ಲವೆಂದಾಗ ಅವರೇ ಶಾಲೆ ಶುರುವಾಗುವ ತಿಂಗಳ ಒಂದನೇ ತಾರೀಖನ್ನು ಬರೆದುಕೊಂಡರು. ನಮ್ಮ ಬೀದಿಯ ಅರ್ಧ ಜನ ಶಾಲೆಯ ಲೆಕ್ಕದಲ್ಲಿ ಅದೇ ದಿನ ಹುಟ್ಟಿದವರು. ಯಾರಿಗೂ ಅದರಿಂದ ತೊಂದರೆಯಾದದ್ದಿಲ್ಲ.

ಗಂಡನ ಕಾಲು ಕೂಡಿತು. ಎರಡನೆಯವಳು ಹುಟ್ಟಿದಳು, ಅವಳು ಆಸ್ಪತ್ರೆಯಲ್ಲೇ ಹುಟ್ಟಿದ್ದರಿಂದ ಕಾಗದ ಕೈಗೆ ಬಂತು. ಆ ಮಗುವಿಗೆ ಎರಡು ವರ್ಷವಾದಾಗ ಗಂಡ ವೆಲ್ಡಿಂಗ್ ಕೆಲಸಕ್ಕೆಂದು ಹೊರದೇಶಕ್ಕೆ ಹೋದ. ಒಂಬತ್ತು ವರ್ಷದಲ್ಲಿ ಮೂರು ಸಲ ಬಂದುಹೋಗಿದ್ದ, ಅಷ್ಟೇ. ಕೊನೆಗೊಂದು ದಿನ ಅಲ್ಲೇ ನೆಲೆಸಲು ಅವನಿಗೆ ಪರವಾನಗಿ ಸಿಕ್ಕಿತು. ಹೆಂಡತಿಯನ್ನೂ ಹದಿನೆಂಟು ತುಂಬದ ಮಕ್ಕಳನ್ನೂ ಕರೆಸಿಕೊಳ್ಳಬಹುದು ಎಂದು ಆ ಪತ್ರದಲ್ಲಿ ಇತ್ತು. ಆತ ಐದು ಜನರ ಜೊತೆಗಿದ್ದ ಕೋಣೆ ಬಿಟ್ಟು ಎರಡು ಕೋಣೆಯ ಮನೆ ಹಿಡಿದ. ಒಂದರ ಮೇಲೊಂದು ಇರುವ ಮಂಚ ತಂದು, ಅದರ ಫೋಟೋ ಕಳಿಸಿದ. ಮೇಲಿನದು ದೊಡ್ಡವಳಿಗೆ, ಕೆಳಗಿನದು ಸಣ್ಣವಳಿಗೆ.

ಕಾಜದಕ್ಕ ಆ ಫೋಟೋವನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದಳು. ಆಮೇಲೆ ಅರ್ಜಿ ತುಂಬಿಸಲು ಕೂತಾಗ ದೊಡ್ಡವಳ ಶಾಲೆಯ ಸರ್ಟಿಫಿಕೇಟನ್ನು ನಾನೇ ಓದಿದೆ. ಆ ಲೆಕ್ಕದಲ್ಲಿ ಹುಡುಗಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿತ್ತು. ಕಾಜದಕ್ಕ ಬೆರಳು ಮಡಿಸುತ್ತಾ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ನಿಜವಾಗಿ ಹದಿನೇಳು ವರ್ಷ ನಾಲ್ಕು ತಿಂಗಳು. ಶಾಲೆ ಹನ್ನೊಂದು ತಿಂಗಳು ಮುಂದಿತ್ತು.

ನಿಜವನ್ನು ತೋರಿಸಲು ನಾವು ಹೊರಟೆವು. ಜನನ ನೋಂದಣಿ ಕಚೇರಿಯಲ್ಲಿ ಗುಮಾಸ್ತ ಆ ವರ್ಷದ್ದೂ ಹಿಂದಿನ ವರ್ಷದ್ದೂ ದಪ್ಪ ಪುಸ್ತಕಗಳನ್ನು ಮಗುಚಿ, ಇಂಥ ಹೆಸರಿನ ಮಗು ಹುಟ್ಟಿದ ದಾಖಲೆ ಇಲ್ಲವೆಂದು ಬರೆದು ಮೊಹರು ಹಾಕಿಕೊಟ್ಟ. ಹೆರಿಗೆ ಮನೆಯಲ್ಲಾಗಿತ್ತು, ಯಾರೂ ಬರೆಸಿರಲಿಲ್ಲ. ಮೆಟ್ಟಿಲು ಇಳಿಯುತ್ತಾ ಕಾಜದಕ್ಕ, “ನನ್ನ ಮಗಳು ಹುಟ್ಟೇ ಇಲ್ಲ ಅಂತ ಬರೆದುಕೊಟ್ಟಿದ್ದಾರೆ ಮಾಸ್ಟ್ರೇ. ಇವತ್ತಿಂದ ಒಂದು ತಟ್ಟೆ ಕಮ್ಮಿ ಇಡಬಹುದು,” ಎಂದಳು. ನಗಲಿಕ್ಕೆಂದೇ ಅಂದದ್ದು. ಇಬ್ಬರಿಗೂ ನಗು ಬರಲಿಲ್ಲ.

ಹೆರಿಗೆ ಮಾಡಿಸಿದ ಸೂಲಗಿತ್ತಿ ಇನ್ನೂ ಬದುಕಿದ್ದಳು. ಕಣ್ಣು ಮಸುಕಾಗಿ, ಸೊಸೆಯ ಮನೆಯ ಹಿಂಬಾಗಿಲ ಬಳಿ ಚಾಪೆ ಹಾಸಿಕೊಂಡು ಕೂತಿರುತ್ತಿದ್ದಳು. ತಾರೀಖು, ವರ್ಷ ಕೇಳಿದರೆ ಅವಳಿಗೆ ಒಂದೂ ನೆನಪಿರಲಿಲ್ಲ. ಆದರೆ ದನಿ ಕೇಳಿಯೇ ಕಾಜದಕ್ಕನ ಗುರುತು ಹಿಡಿದಳು. “ಮರದ ಡಿಪೋಗೆ ಬೆಂಕಿ ಬಿದ್ದ ದಿನ ಅಲ್ವಾ ಕಣೇ ನೀನು ಹೆತ್ತಿದ್ದು? ಹೊಗೆ ಅಂತ ಕಿಟಕಿಗೆಲ್ಲ ಒದ್ದೆ ಬಟ್ಟೆ ತುರುಕಿಸಿದ್ದೆ. ಹಾಗಿದ್ರೂ ಮಗು ಕೆಮ್ಮಿಕೊಂಡೇ ಅತ್ತಿದ್ದು,” ಎಂದಳು.

ಬೆಂಕಿಯಾದರೆ ಪೇಪರಿನಲ್ಲಿ ಬಂದೇ ಬಂದಿರುತ್ತದೆ. ನಾನು ಎರಡು ದಿನ ಅಂಗಡಿ ಮುಚ್ಚಿ ಗ್ರಂಥಾಲಯದಲ್ಲಿ ಕೂತೆ. ಹಳೆಯ ಪತ್ರಿಕೆಗಳನ್ನು ತಿಂಗಳಿಗೊಂದು ಕಟ್ಟು ಮಾಡಿ ರಟ್ಟು ಹಾಕಿಟ್ಟಿದ್ದರು, ಮುಟ್ಟಿದರೆ ಅಂಚು ಪುಡಿಯಾಗಿ ಉದುರುತ್ತಿತ್ತು. ಎರಡನೇ ದಿನ ಮಧ್ಯಾಹ್ನ ಸಿಕ್ಕಿತು. ಮರದ ಡಿಪೋ ಭಸ್ಮ, ಜೊತೆಗೆ ಫೋಟೋ, ಬೆಂಕಿ ಬಿದ್ದ ತಾರೀಖು. ಅವಳು ಬೆರಳು ಮಡಿಸಿ ಹೇಳಿದ್ದ ತಿಂಗಳೇ, ಅದೇ ವರ್ಷ. ನಾನು ಓಡಿಕೊಂಡೇ ಬಂದೆ. ನಮ್ಮ ಕೆಲಸ ಆಯಿತೆಂದೇ ಅಂದುಕೊಂಡಿದ್ದೆವು.

ಅಲ್ಲಿಯವರೆಗೆ ಮಗಳಿಗೆ ಏನೂ ತಿಳಿಸಿರಲಿಲ್ಲ. ಅವತ್ತು ಸಂಜೆ ಅವಳು ಅಂಗಡಿಗೆ ಬಂದಾಗ ತಾಯಿ ಎಲ್ಲವನ್ನೂ ಹೇಳಿದಳು. ಹುಡುಗಿ ಕಟಿಂಗ್ ಮೇಜಿಗೆ ಒರಗಿ ನಿಂತು ಕೇಳಿಸಿಕೊಂಡಳು. ಮೊದಲಿನಿಂದಲೂ ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ, ಓದಿನಲ್ಲಿ ಎಲ್ಲರಿಗಿಂತ ನಿಧಾನ ಎನ್ನಿಸಿಕೊಂಡವಳು.

“ಒಂದನೇ ಕ್ಲಾಸಲ್ಲಿ ಪೆನ್ಸಿಲ್ ಹಿಡಿಯೋಕೆ ಬರಲ್ಲ ಅಂತ ಗೆಣ್ಣಿನ ಮೇಲೆ ಹೊಡೀತಿದ್ರು,” ಎಂದಳು. “ದಿನಾ ಮನೆಗೆ ಬಂದು ಅಳ್ತಿದ್ದೆ. ನಾನು ಮೊದ್ದು ಅಂತ ನೀನೂ ಬೈತಿದ್ದೆ. ನನಗೆ ನಾಲ್ಕೇ ವರ್ಷ ಅಂತ ನಿನಗೆ ಗೊತ್ತಿತ್ತಲ್ಲಮ್ಮ.”

ಕಾಜದಕ್ಕ ಕೈಯಲ್ಲಿದ್ದ ಕೋಟನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

ಇನ್ನು ಪ್ರಮಾಣಪತ್ರ ಬರೆಸುವುದೊಂದು ಬಾಕಿ ಇತ್ತು. ನ್ಯಾಯಾಲಯದ ಎದುರು ಮರದಡಿ ಕೂರುವ ಟೈಪಿನವನು ಇಂಥವನ್ನು ಸಾವಿರ ನೋಡಿದವನು. ವಿಷಯ ಕೇಳಿ, ಶಾಲೆಯವರ ಕೈತಪ್ಪಿನಿಂದ ತಾರೀಖು ತಪ್ಪಾಗಿದೆ ಎಂದು ಬರೆಯೋಣ ಎಂದ. ಮುಖ್ಯೋಪಾಧ್ಯಾಯಿನಿ ತೀರಿಕೊಂಡು ಆರು ವರ್ಷವಾಗಿತ್ತು, ಇಲ್ಲವೆನ್ನಲು ಯಾರೂ ಇರಲಿಲ್ಲ. ಕಾಜದಕ್ಕ ನನ್ನ ಮುಖ ನೋಡಿದಳು.

ಆಗ ನಾನು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ಸತ್ತವರ ಮೇಲೆ ಯಾಕೆ ಹಾಕ್ತೀರಕ್ಕ? ಇದ್ದದ್ದನ್ನ ಇದ್ದ ಹಾಗೆ ಬರೆಸಿ. ನಾಳೆ ಏನೇ ತಿರುಗಿಸಿ ಕೇಳಿದ್ರೂ ತಡವರಿಸೋ ಹಾಗಿರಲ್ಲ.”

ಟೈಪಿನವನು ಹುಬ್ಬೇರಿಸಿದ, ಆದರೆ ವಾದ ಮಾಡಲಿಲ್ಲ. ಮಗಳ ವಯಸ್ಸನ್ನು ಹೆಚ್ಚಿಗೆ ಹೇಳಿ ಶಾಲೆಗೆ ಸೇರಿಸಿದ್ದೆ, ಆ ತಪ್ಪು ನನ್ನದು ಎಂದು ಬರೆದ. ಅವಳು ಸಹಿ ಹಾಕಿದಳು. ಸಾಕ್ಷಿಯ ಜಾಗದಲ್ಲಿ ನಾನು ಹಾಕಿದೆ. ಪೇಪರಿನ ನಕಲು, ಸೂಲಗಿತ್ತಿಯ ಹೆಬ್ಬೆಟ್ಟು, ಎಲ್ಲವನ್ನೂ ಸೇರಿಸಿ ಕಳಿಸಿದೆವು.

ಎರಡು ತಿಂಗಳಾದ ಮೇಲೆ ಹುಡುಗಿಯ ಮೂಳೆ ಪರೀಕ್ಷೆ ಮಾಡಿಸಿ ಎಂದು ಪತ್ರ ಬಂತು. ಅವರೇ ಗೊತ್ತುಮಾಡಿದ ಆಸ್ಪತ್ರೆಯಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದರು, ಹಲ್ಲು ಎಣಿಸಿದರು. ಬಾಯಿ ಅಗಲಿಸಿಕೊಂಡು ಕುಳಿತದ್ದು ಹುಡುಗಿಗೆ ಬಹಳ ಅವಮಾನವಾಯಿತು. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡಿದರು ಎಂದಳು. ಹದಿನೇಳರಿಂದ ಹತ್ತೊಂಬತ್ತರೊಳಗೆ ಎಂದು ಫಲಿತಾಂಶ ಬಂತು. ಅದಕ್ಕಿಂತ ಸಣ್ಣದಾಗಿ ಮೂಳೆ ಹೇಳುವುದಿಲ್ಲವಂತೆ.

ಕೊನೆಗೆ ಆ ದೇಶದ ವೀಸಾ ಕಚೇರಿಯಲ್ಲಿ ಸಂದರ್ಶನ. ಎಂಟು ಗಂಟೆಯ ರೈಲು ಪ್ರಯಾಣ. ನನ್ನನ್ನು ಒಳಗೆ ಬಿಡಲಿಲ್ಲ. ಎದುರಿನ ಗೋಡೆಯ ನೆರಳಿನಲ್ಲಿ ನಿಂತು ಕಾದೆ. ತಾಯಿ, ಇಬ್ಬರು ಮಕ್ಕಳು ಮೂವರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಒಳಗೆ ಹೋದರು. ಹೊರಗೆ ಬಂದ ಮೇಲೆ ಕಾಜದಕ್ಕ ನಡೆದದ್ದನ್ನು ರೈಲಿನಲ್ಲಿ ಹೇಳಿದಳು.

ಗಾಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ನಮ್ಮ ಮಾತು ಬಲ್ಲ ಒಬ್ಬ ಹೆಂಗಸು. ಅಧಿಕಾರಿ ಸಭ್ಯ ಮನುಷ್ಯ, ದನಿ ಎತ್ತಲಿಲ್ಲ. ಪೇಪರಿನ ನಕಲನ್ನು ಗಾಜಿಗೆ ಹಿಡಿದು ತೋರಿಸಿ ಏನೋ ಹೇಳಿದ. ಆ ಹೆಂಗಸು ನಮ್ಮ ಮಾತಿನಲ್ಲಿ ಹೇಳಿದಳು: “ಡಿಪೋಗೆ ಬೆಂಕಿ ಬಿದ್ದಿದ್ದು ಇದರಲ್ಲಿದೆ ಅಮ್ಮಾ. ನಿಮ್ಮ ಮಗಳು ಹುಟ್ಟಿದ್ದು ಇದರಲ್ಲಿ ಇಲ್ಲ.”

ಆಮೇಲೆ ಪ್ರಮಾಣಪತ್ರ ತೆಗೆದರು. ಈ ಸಹಿ ನಿಮ್ಮದೇನಾ ಎಂದು ಕೇಳಿದರು, ಹೌದು ಎಂದಳು. ಶಾಲೆಯಲ್ಲಿ ಸುಳ್ಳು ಹೇಳಿದ್ದು ನಿಜವೇ ಎಂದರು, ನಿಜ ಎಂದಳು.

“ಅವತ್ತು ಮಗಳಿಗೆ ಒಳ್ಳೇದಾಗ್ಲಿ ಅಂತ ಸುಳ್ಳು ಹೇಳಿದ್ರಿ. ಇವತ್ತೂ ಮಗಳಿಗೆ ಒಳ್ಳೇದಾಗ್ಲಿ ಅಂತಾನೇ ಬಂದಿದ್ದೀರಿ. ಸಾಹೇಬ್ರು ಯಾವ ಮಾತನ್ನ ನಂಬಬೇಕು ಅಂತ ಕೇಳ್ತಿದ್ದಾರೆ,” ಎಂದಳು ಆ ಹೆಂಗಸು.

“ಅದಕ್ಕೆ ನೀವು ಏನಂದ್ರಿ ಅಕ್ಕ?” ಎಂದೆ.

“ನಾನು ಹೆತ್ತವಳು, ನನಗೆ ಗೊತ್ತಿಲ್ವಾ ಅಂದೆ. ಅದನ್ನ ಆ ಹೆಂಗಸು ಸಾಹೇಬ್ರಿಗೆ ಹೇಳಿದ್ಲೋ ಇಲ್ವೋ. ಅವರು ಬರ್ಕೊಳ್ಳಲಿಲ್ಲ.”

ದೊಡ್ಡವಳು ಮೇಲಿನ ಬರ್ತಿನಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲವೆಂದು ನನಗೆ ಗೊತ್ತಿತ್ತು.

ತಾಯಿಗೂ ಸಣ್ಣವಳಿಗೂ ಅನುಮತಿ ಬಂತು. ತೊಂಬತ್ತು ದಿನದೊಳಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಅದೂ ರದ್ದು. ದೊಡ್ಡವಳ ಅರ್ಜಿ ತಿರಸ್ಕೃತವಾಗಿತ್ತು. ಜನ್ಮದಿನಾಂಕದ ಬಗ್ಗೆ ಹಿಂದೆ ಸುಳ್ಳು ಹೇಳಿರುವುದನ್ನು ತಾಯಿಯೇ ಒಪ್ಪಿಕೊಂಡಿರುವುದರಿಂದ ಈಗಿನ ಹೇಳಿಕೆಯನ್ನು ನೆಚ್ಚಲಾಗದು ಎಂದು ಅದರಲ್ಲಿ ಬರೆದಿತ್ತು. ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕಾಯಿತು. ಮೇಲ್ಮನವಿಗೆ ಹೊಸ ಸಾಕ್ಷ್ಯ ಬೇಕೆಂದು ವಕೀಲರು ಹೇಳಿದರು. ನಮ್ಮ ಹತ್ತಿರ ಬೇರೆ ಏನಿತ್ತು?

ಆ ತೊಂಬತ್ತು ದಿನ ಕಾಜದಕ್ಕ ಕರಗಿಹೋದಳು. ಸಣ್ಣವಳನ್ನೊಬ್ಬಳನ್ನೇ ಕಳಿಸಿ ತಾನು ಉಳಿಯುತ್ತೇನೆ ಎಂದು ಒಂದು ದಿನ, ಯಾರೂ ಹೋಗುವುದು ಬೇಡ ಎಂದು ಇನ್ನೊಂದು ದಿನ. ಹನ್ನೊಂದು ವರ್ಷದ ಹುಡುಗಿಯನ್ನು, ಗುರುತೇ ಸರಿಯಾಗಿ ಇಲ್ಲದ ಅಪ್ಪನ ಹತ್ತಿರ ಒಂಟಿಯಾಗಿ ಹೇಗೆ ಕಳಿಸುವುದು? ಅವನು ಬೆಳಗಿನ ಜಾವ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆ ಬರುವವನು. ಫೋನಿನಲ್ಲಿ ಆತ, ಒಬ್ಬಳನ್ನು ಕಳಕೊಂಡದ್ದು ಸಾಲದೆಂದು ಮೂವರನ್ನೂ ಕಳೆದುಕೊಳ್ಳಬೇಕಾ ಎಂದು ಅತ್ತನಂತೆ.

ತೀರ್ಮಾನ ಮಾಡಿದವಳು ದೊಡ್ಡ ಮಗಳೇ. ನರ್ಸಿಂಗ್ ತರಬೇತಿಗೆ ಸೇರುವ ಅರ್ಜಿಯನ್ನು ತಾನೇ ತಂದು, ಪೋಷಕರು ಎನ್ನುವಲ್ಲಿ ನನ್ನ ಸಹಿ ಕೇಳಿದಳು. ಹಾಸ್ಟೆಲ್ ಇತ್ತು. ತಾಯಿ ಎದ್ದು ಬಂದು ಕಾಗದ ಕಿತ್ತುಕೊಳ್ಳಲು ಹೋದಳು.

“ಬಿಡಮ್ಮ,” ಎಂದಳು ಮಗಳು. “ನೀನು ಉಳಿದ್ರೆ ನನ್ನಿಂದಾನೇ ಉಳಿದೆ ಅಂತ ಆಗುತ್ತೆ. ಅಪ್ಪನೂ ಹಾಗೇ ಅಂದ್ಕೋತಾರೆ, ಸಣ್ಣವಳೂ ಅಂದ್ಕೋತಾಳೆ. ಅದನ್ನ ಹೊತ್ಕೊಂಡು ತಿರುಗೋಕೆ ನನ್ನ ಕೈಲಾಗಲ್ಲ. ನೀನು ಹೋಗು.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಾಯಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ದೊಡ್ಡವಳೂ ಬಂದಳು. ಸೂಟ್‌ಕೇಸಿಗೆ ಹಗ್ಗ ಬಿಗಿದಳು, ತಂಗಿಯ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಕಾಜದಕ್ಕ ಬಸ್ಸಿನ ಕಿಟಕಿಯ ಸರಳಿನೊಳಗಿಂದ ಮಗಳ ಕೈ ಹಿಡಿದುಕೊಂಡಿದ್ದಳು, ಬಸ್ಸು ಹೊರಟರೂ ಬಿಡಲಿಲ್ಲ. ಹುಡುಗಿ ಹತ್ತಾರು ಹೆಜ್ಜೆ ಜೊತೆಗೇ ನಡೆದು, ಆಮೇಲೆ ತನ್ನ ಕೈಯನ್ನು ತಾನೇ ಬಿಡಿಸಿಕೊಂಡಳು. ಬಸ್ಸು ಗೇಟು ದಾಟುವ ಮೊದಲೇ ನನ್ನ ಕಡೆ ತಿರುಗಿ, ತನಗೆ ಎರಡು ಗಂಟೆಗೆ ಕ್ಲಾಸಿದೆ ಎಂದಳು.

ಅಲ್ಲಿ ಕಾಜದಕ್ಕನಿಗೆ ಒಂದು ದೊಡ್ಡ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು. ಹೋಟೆಲುಗಳ ಹಾಸುಬಟ್ಟೆಯನ್ನು ದಿನವಿಡೀ ಉಗಿಯಲ್ಲಿ ನಿಂತು ಮಡಿಸುವುದು. ಭಾನುವಾರ ಭಾನುವಾರ ಮಗಳಿಗೆ ಫೋನು ಮಾಡುತ್ತಿದ್ದಳು. ಮೊದಲ ವರ್ಷ ಮಗಳು ಎತ್ತಿಕೊಳ್ಳುತ್ತಿದ್ದಳು. ಎರಡನೇ ವರ್ಷ ಡ್ಯೂಟಿ ಎನ್ನುವುದು ಹೆಚ್ಚಾಯಿತು. ಆಗ ನನಗೆ ಮಾಡಿ, ನೋಡಿದಿರಾ, ಹೇಗಿದ್ದಾಳೆ, ತೆಳ್ಳಗಾಗಿದ್ದಾಳಾ ಎಂದು ಕೇಳುತ್ತಿದ್ದಳು. ನಾನು ನೋಡದಿದ್ದರೂ ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

ಮೂರು ವರ್ಷಕ್ಕೆ ಸ್ವಲ್ಪ ಕಮ್ಮಿ ಇರುವಾಗ ಮೂರು ವಾರದ ರಜೆಯ ಮೇಲೆ ಬಂದಳು. ಇರಲು ಅವಳದೆಂಬ ಮನೆ ಇರಲಿಲ್ಲ, ನಮ್ಮಲ್ಲೇ ಇಳಿದಳು. ಮಗಳು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು, ಬಿಳಿ ಬಟ್ಟೆಯಲ್ಲೇ. ಕಾಲಿಗೆರಗಿ ಎದ್ದು, “ಅಮ್ಮ, ನೀವು ಯಾವಾಗ ಬಂದ್ರಿ? ಊಟ ಮಾಡಿದ್ರಾ?” ಎಂದಳು.

ಹುಟ್ಟಿದಾಗಿನಿಂದ ನೀನು ಎಂದವಳು. ಕಾಜದಕ್ಕ ನನ್ನ ಕಡೆ ನೋಡಿದಳು. ನಾನು ಕತ್ತರಿ ಹುಡುಕುವ ನೆಪ ಮಾಡಿದೆ. ಬೇಕೆಂದೇ ಅಂದದ್ದಲ್ಲ ಅದು. ಆಸ್ಪತ್ರೆಯಲ್ಲಿ ರೋಗಿಗಳ ಕಡೆಯವರನ್ನು ಮಾತನಾಡಿಸಿ ರೂಢಿಯಾಗಿರಬೇಕು. ಆದರೆ ಆ ಮೂರು ವಾರವೂ ಅದು ನೀವೇ ಆಗಿ ಉಳಿಯಿತು.

ಕಾಜದಕ್ಕ ಹೊರಡುವ ಹಿಂದಿನ ದಿನ ನಾನು ಬಾಯಿಬಿಟ್ಟೆ. ಆ ಟೈಪಿನವನು ಹೇಳಿದಂತೆ ಬರೆಸಿದ್ದರೆ ಹೀಗಾಗುತ್ತಿರಲಿಲ್ಲವೇನೋ, ನನ್ನ ಮಾತಿನಿಂದ ಕೆಟ್ಟಿತು ಎಂದೆ. “ಶಾಲೇಲಿ ತುಂಬಿದೆ ಅಂದ ಬಾಯಿ ನಂದು ಮಾಸ್ಟ್ರೇ. ನೀವು ನಡುವೆ ಬರಬೇಡಿ,” ಎಂದಳು. ಸಮಾಧಾನಕ್ಕೆ ಹೇಳಿದ್ದಾ, ದೂರ ಇಟ್ಟಿದ್ದಾ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಈಗ ನರ್ಸುಗಳಿಗೆ ಆ ದೇಶದಲ್ಲಿ ಬೇಡಿಕೆಯಿದೆ. ಕೆಲಸದ ಮೇಲೆ ಹೋಗಲು ವಯಸ್ಸಿನ ಅಡ್ಡಿಯಿಲ್ಲ. ಅರ್ಜಿ ಹಾಕಿಸಿ ಎಂದು ಕಾಜದಕ್ಕ ನನಗೆ ಮೂರು ಸಲ ಹೇಳಿಕಳಿಸಿದಳು. ನಾನು ಹೋಗಿ ಮಾತನಾಡಿದೆ. ಹುಡುಗಿ ಅದೇ ತಾನೆ ಡ್ಯೂಟಿ ಮುಗಿಸಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೂಟು ಕಳಚುತ್ತಿದ್ದಳು. ಪೂರ್ತಿ ಕೇಳಿ, ಬೇಡ ಎಂದಳು. ಯಾಕಮ್ಮ ಎಂದೆ.

“ಅವರು ಮತ್ತೆ ತಾರೀಖು ಕೇಳ್ತಾರೆ,” ಎಂದಳು. “ನಾನು ಯಾವುದನ್ನೇ ಬರೆದ್ರೂ ಅಮ್ಮನ್ನ ಸುಳ್ಳಿ ಅಂತ ಬರೆದ ಹಾಗೇ ಆಗುತ್ತೆ.”

ಕಾಜದಕ್ಕನಿಗೆ ಇದನ್ನು ನಾನು ಹೇಳಲಿಲ್ಲ. ಹುಡುಗಿಗೆ ಇಲ್ಲೇ ಒಳ್ಳೆಯ ಕೆಲಸವಿದೆ, ಯೋಚನೆ ಮಾಡಿ ಹೇಳುತ್ತಾಳಂತೆ ಎಂದೆ. ಆಗಲಿ ಮಾಸ್ಟ್ರೇ ಎಂದು ಫೋನಿಟ್ಟಳು.