ತವರಿನವರು ಬರುವ ತನಕ

ಟೀಚರ ಸೀರೆಯ ಅಂಚಿನಲ್ಲಿ ಮಳೆಗಾಲವಿಡೀ ರಕ್ತದ ಚುಕ್ಕೆಗಳಿರುತ್ತಿದ್ದವು. ಸುಂಟಿಕೊಪ್ಪದ ಹೈಸ್ಕೂಲಿಗೆ ಅವರು ಕಾಫಿತೋಟದ ಒಳದಾರಿಯಲ್ಲಿ ನಡೆದು ಬರುತ್ತಿದ್ದರು. ಬಂದವರೇ ನಮ್ಮ ಬಿಸಿಯೂಟದ ಅಡುಗೆಮನೆಗೆ ನುಗ್ಗಿ, ಕಾಲಿಗೆ ಹತ್ತಿದ ಜಿಗಣೆಗಳಿಗೆ ಉಪ್ಪು ಹಾಕಿ, "ರಕ್ತದಾನ ಆಯ್ತಕ್ಕ, ಟೀ ಕೊಡಿ" ಎನ್ನುತ್ತಿದ್ದರು. ಅಡುಗೆಯವಳಾದ ನನ್ನನ್ನು ಅಕ್ಕ ಎಂದು ಕರೆದವರು ಅವರೊಬ್ಬರೇ. ಮಕ್ಕಳೇ, ನಿಮ್ಮ ಅಜ್ಜ ಹೋದ ಮೇಲೆ ನಾನು ಜನರ ಮುಖ ನೋಡಿ ಮಾತನಾಡುವುದನ್ನೇ ಬಿಟ್ಟಿದ್ದೆ.

ಅವರು ಕಲಿಸುತ್ತಿದ್ದುದು ವಿಜ್ಞಾನ. ಅಂಗದಾನದ ಪಾಠದ ದಿನ ಮಟನ್ ಅಂಗಡಿಯಿಂದ ಆಡಿನ ಕಣ್ಣು ತಂದು, ನನ್ನ ಚೂರಿಯಿಂದಲೇ ಕೊಯ್ದು ಹತ್ತನೇ ತರಗತಿಗೆ ತೋರಿಸಿದರು. ಗೋಡೆಯ ಈಚೆ ಅಕ್ಕಿ ಆರಿಸುತ್ತಾ ನಾನೂ ಕೇಳಿಸಿಕೊಂಡೆ. ಸತ್ತ ಮೇಲೆ ಕಿಡ್ನಿ, ಲಿವರ್ ಕೊಡಲು ಆಗುವುದು ಆಸ್ಪತ್ರೆಯಲ್ಲಿ ಮಿದುಳು ಸತ್ತವರಿಂದ ಮಾತ್ರ. ಕಣ್ಣನ್ನು ಮನೆಯಲ್ಲಿ ಸತ್ತವರೂ ಕೊಡಬಹುದು, ಆದರೆ ಆರು ಗಂಟೆಯೊಳಗೆ.

"ಕಣ್ಣು ಕೊಟ್ರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುದಂತೆ ಟೀಚರ್, ಅಜ್ಜಿ ಹೇಳಿದ್ದು," ಎಂದಳು ಒಬ್ಬಳು.

"ಹಾಗಾದ್ರೆ ಹಲ್ಲು ಕೀಳಿಸಿದ ನಿನ್ನ ಅಜ್ಜಿ ಹಲ್ಲಿಲ್ಲದೆ ಹುಟ್ಟುದಾ?"

"ಎಲ್ಲರೂ ಹಲ್ಲಿಲ್ಲದೆಯೇ ಹುಟ್ಟುದಲ್ವಾ ಟೀಚರ್!"

ಎಲ್ಲರಿಗಿಂತ ಜೋರಾಗಿ ನಕ್ಕವರು ಟೀಚರೇ. ಆಮೇಲೆ ಚೂರಿ ವಾಪಸ್ ಕೊಡಲು ಬಂದವರು ಹೇಳಿದರು: "ನನ್ನ ಕಣ್ಣೂ ಬರೆದುಕೊಟ್ಟಾಗಿದೆ ಅಕ್ಕ. ನಮ್ಮವರು ಗಾಬರಿಯಲ್ಲಿ ಮರೆತ್ರೆ ನೀವು ನೆನಪು ಮಾಡ್ಬೇಕು."

ಆಯ್ತು ಎಂದೆ. ಕಣ್ಣು ಕೊಯ್ದ ಆ ಚೂರಿಯನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಎದೆನೋವೆಂದು ಕುಳಿತ ಟೀಚರು ಮತ್ತೆ ಏಳಲಿಲ್ಲ. ನಾನು ಹೋದಾಗ ಅವರ ಯಜಮಾನರು ಗೋಡೆಗೆ ಒರಗಿ ಕುಳಿತಿದ್ದರು. ಆ ಮನೆಯಲ್ಲಿ, ತವರಿನವರು ಬಂದು ಮುಖ ನೋಡುವ ತನಕ ಹೆಂಗಸಿನ ಹೆಣ ಮುಟ್ಟುವುದಿಲ್ಲ. ಟೀಚರ ಅಣ್ಣ ಮಂಗಳೂರಿನಿಂದ ಹೊರಟಿದ್ದರು. ಘಾಟಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು.

ಯಜಮಾನರ ದೊಡ್ಡಮ್ಮನ ಬಳಿ ಮೆಲ್ಲಗೆ ಕಣ್ಣಿನ ವಿಷಯ ಹೇಳಿದೆ.

"ತವರಿನವರು ನೋಡುವ ಮೊದಲೇ ಕಣ್ಣು ಕೀಳಿಸುದಾ? ಅಡುಗೆಯವಳು ನೀನು, ಸುಮ್ಮನಿರು."

ಸುಮ್ಮನಾದೆ. ಯಜಮಾನರು ನಾಲ್ಕು ಹೆಜ್ಜೆ ದೂರದಲ್ಲಿದ್ದರು. ಹತ್ತಾಯಿತು, ಹನ್ನೆರಡಾಯಿತು. ಹೋಗಿ ಹೇಳಿಬಿಡೋಣವೆಂದು ಎರಡು ಸಲ ಸೆರಗು ಸರಿಮಾಡಿಕೊಂಡೆ. ಹೋಗಲಿಲ್ಲ.

ಮೂರು ಗಂಟೆಗೆ ಅಣ್ಣ ಬಂದರು. ತಂಗಿಯ ಹಣೆ ಸವರಿ, ತಲೆಯೆತ್ತಿ ಕೇಳಿದರು: "ಕಣ್ಣಿನವರು ಬಂದು ಹೋದ್ರಾ?"

ಯಜಮಾನರು ಗಡಿಯಾರ ನೋಡಿದರು. ಆರು ಗಂಟೆ ಎರಡಕ್ಕೇ ಮುಗಿದಿತ್ತು.

"ನನ್ನನ್ನು ಯಾಕೆ ಕಾದ್ರಿ? ಫೋನಲ್ಲಿ ಒಂದು ಮಾತು ಕೇಳಿದ್ರೆ ತೆಗೆಸಿ ಅಂತಿದ್ದೆನಲ್ಲ!"

"ಮರ್ತೇ ಹೋಯ್ತು ಭಾವ," ಎಂದು ಯಜಮಾನರು ಮುಖ ಮುಚ್ಚಿಕೊಂಡರು.

ಈಗಲೂ ದಾರಿಯಲ್ಲಿ ಸಿಕ್ಕಾಗ ಯಜಮಾನರು ತಾವು ಮರೆತದ್ದನ್ನೇ ಹೇಳಿ ನೊಂದುಕೊಳ್ಳುತ್ತಾರೆ. ನನಗೆ ನೆನಪಿತ್ತು ಎಂದು ಅವರಿಗೆ ನಾನಿನ್ನೂ ಹೇಳಿಲ್ಲ. ನಿಮಗೇ ಮೊದಲು ಹೇಳುತ್ತಿರುವುದು.

ನಾನೂ ಕಣ್ಣು ಬರೆದುಕೊಟ್ಟಿದ್ದೇನೆ. ನಾನು ಹೋದ ದಿನ ಮೊದಲ ಫೋನು ಆಸ್ಪತ್ರೆಗೆ ಮಾಡಿ, ನೆಂಟರಿಗೆ ಆಮೇಲೆ. ದೊಡ್ಡವರು ಯಾರಾದರೂ ಸುಮ್ಮನಿರಿ ಎಂದರೆ, ಮಕ್ಕಳೇ, ನನ್ನ ಹಾಗೆ ಸುಮ್ಮನಿರಬೇಡಿ.